ಹೊಸಗೇರಿಯ ಬೇರಿನ ಗಾಳೆಮ್ಮ

ಯಾವ ದೊರೆ ಆಳುತ್ತಿದ್ದ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ಕೋಟೆ ಬಾಗಿಲನ್ನು ದಿನಾ ಸಂಜೆ ಮುಚ್ಚಿ ದಿನಾ ಬೆಳಿಗ್ಗೆ ತೆಗೆಯುತ್ತಿದ್ದ ಕಾಲ ಅದು. ಆಗ ಸಿಂಗನಕೋಟೆ ಅನ್ನುವ ಪಟ್ಟಣದಲ್ಲಿ ಗಾಳೆಮ್ಮ ಅಂತ ಒಬ್ಬಳು ಇದ್ದಳಂತೆ.

ಸಿಂಗನಕೋಟೆ ಅಂದರೆ ಬರೀ ಕಲ್ಲು. ನೆಲ ಕಲ್ಲು, ಗೋಡೆ ಕಲ್ಲು, ಬೀದಿಗೆ ಹಾಸಿದ್ದೂ ಕಲ್ಲು. ಬೇಸಗೆಯಲ್ಲಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಅಂಗಾಲಿಗೆ ಬೊಬ್ಬೆ ಬರುತ್ತಿತ್ತಂತೆ. ಏಳು ಕೇರಿ, ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ಅಂಟಿಕೊಂಡೇ ಇರೋದು. ಮನೆ ಮುಂದೆ ನಾಲ್ಕು ಹೆಜ್ಜೆ ಜಾಗ, ಹಿತ್ತಲಲ್ಲಿ ಎಂಟು ಹೆಜ್ಜೆ. ಅಷ್ಟರಲ್ಲೇ ಬಾವಿ, ಅಷ್ಟರಲ್ಲೇ ಬಚ್ಚಲು, ಅಷ್ಟರಲ್ಲೇ ನೆರಳಿಗೊಂದು ಮರ. ಬಯಲಲ್ಲಿ ಮರ ಎಲ್ಲಿ ಹುಟ್ಟಿದರೂ, ಎತ್ತ ಬಿದ್ದರೂ ಯಾರಿಗೇನು? ಪೇಟೆಯಲ್ಲಿ ಹಾಗಲ್ಲ. ಇಲ್ಲಿ ಮರ ಬೀಳೋದು ಅಂದರೆ ಯಾರದೋ ಮಾಳಿಗೆ ಮೇಲೇ ಬೀಳೋದು.

ಗಾಳೆಮ್ಮ ಬಾವಿ ತೋಡುವವರ ಮನೆಯವಳು. ಅಪ್ಪ ಬಾವಿ ತೋಡುತ್ತಿದ್ದ, ಗಂಡ ಬಾವಿ ತೋಡುತ್ತಿದ್ದ, ಇವಳು ಮೇಲೆ ನಿಂತು ಮಣ್ಣಿನ ಪುಟ್ಟಿ ಎಳೆಯುತ್ತಿದ್ದಳು. ಹೂಳು ತೆಗೆಯೋದಿದ್ದರೆ, ಸಣ್ಣ ಮೈಯವಳು ಅಂತ ಅವಳ ಸೊಂಟಕ್ಕೇ ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ. ನಾವೆಲ್ಲ ಮರವನ್ನು ಮೇಲಿಂದ ಕಂಡವರು. ಎಲೆ ನೋಡುತ್ತೇವೆ, ಹೂ ನೋಡುತ್ತೇವೆ, ಚೆನ್ನಾಗಿದೆ ಅನ್ನುತ್ತೇವೆ. ಅವಳು ಮರವನ್ನು ಕೆಳಗಿಂದ ಕಂಡವಳು. ಬಾವಿಯೊಳಗಿನ ಕಲ್ಲು ಸಂದಿಯಿಂದ ಬೇರು ಹೊರಗೆ ಬಂದು ನೀರಿನ ಕಡೆ ಜೋತಾಡೋದನ್ನು ಕಂಡವಳು. ಆ ಬೇರನ್ನು ಮೂಸಿ ನೋಡಿ, ಇದು ಇಂಥವರ ಮನೆ ಮುಂದಿನ ಮರದ್ದು ಅಂತ ಹೇಳುತ್ತಿದ್ದಳಂತೆ. ನೆಲಕ್ಕೆ ಕಿವಿ ಇಟ್ಟರೆ ಬೇರು ನೀರು ಕುಡಿಯುವ ಸದ್ದು ಅವಳಿಗೆ ಕೇಳುತ್ತಿತ್ತು ಅಂತಲೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ನಂಬೋದಿಲ್ಲ. ಆದರೆ ನನಗೆ ಈ ಕಥೆ ಹೇಳಿದ ನಮ್ಮ ಸೋದರತ್ತೆ ನಂಬಿದ್ದಳು, ಅದಕ್ಕೆ ಹೇಳುತ್ತಿದ್ದೇನೆ.

ಅವಳ ಗಂಡನ ಹೆಸರು ಯಾರಿಗೂ ನೆನಪಿಲ್ಲ. ಅವನು ಸತ್ತ ರೀತಿ ಮಾತ್ರ ಎಲ್ಲರಿಗೂ ನೆನಪಿದೆ. ಗಾಣಿಗರ ಕೇರಿಯ ಒಂದು ಮನೆಯವರು ಬಾವಿಯ ಪಕ್ಕದಲ್ಲೇ ಅತ್ತಿ ಗಿಡ ನೆಟ್ಟಿದ್ದರಂತೆ, ನೀರು ಸೇದುವವರಿಗೆ ನೆರಳಾಗಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ನೆಟ್ಟಿದ್ದು. ಗಿಡ ಮರವಾಯಿತು, ಬೇರು ಬಾವಿ ಗೋಡೆಯ ಹಿಂದೆ ಸೇರಿಕೊಂಡು ಕಲ್ಲನ್ನು ಒಳಗೊಳಗೇ ತಳ್ಳುತ್ತಾ ಬಂತು. ಗಂಡ ಹೂಳು ತೆಗೆಯಲು ಕೆಳಗಿಳಿದಿದ್ದಾಗ ಮೇಲೆ ನಿಂತಿದ್ದ ಗಾಳೆಮ್ಮನಿಗೆ ಮೂರು ಕಲ್ಲು ಅಲುಗಿದ್ದು ಕಂಡಿತು. ಅವಳಿಗೆ ಅನುಮಾನ. ಕಂಡಿದ್ದು ನಿಜವೋ ನೀರಿನ ಬೆಳಕು ಆಡಿದ್ದೋ ಅಂತ ಒಂದು ಗಳಿಗೆ ನಿಂತಳು. ಆಮೇಲೆ ಕೂಗಿದಳು. ಅವನು ತಲೆ ಎತ್ತಿ ನೋಡಿದನಂತೆ, ಪುಟ್ಟಿ ಎಳೀತೀನಿ ಅಂತ ಕೂಗಿದಳೇನೋ ಅಂದುಕೊಂಡು ಪುಟ್ಟಿಗೆ ಕೈ ಹಾಕಿದನಂತೆ. ಅಷ್ಟೇ. ಗೋಡೆ ಕುಸಿಯಿತು, ಹಗ್ಗ ಅವಳ ಕೈಯಲ್ಲಿ ಉಳಿಯಿತು.

ಅವತ್ತಿನಿಂದ ಅವಳ ಎದೆಯೊಳಗೆ ಒಂದು ಭಯ ಕೂತುಬಿಟ್ಟಿತಂತೆ. ಯಾರ ಮನೆ ಮುಂದೆ ಹೊಸ ಸಸಿ ಕಂಡರೂ ಅವಳ ಕಾಲು ನಿಂತುಬಿಡುತ್ತಿತ್ತು. ಬಾಗಿಲು ತಟ್ಟಿ ಕೇಳುತ್ತಿದ್ದಳು: ಇದು ಯಾವ ಗಿಡ? ಬಾವಿ ಎಲ್ಲಿದೆ? ಬಚ್ಚಲ ನೀರು ಎತ್ತ ಹೋಗುತ್ತೆ? ಈ ಗೋಡೆ ಕಲ್ಲಿಂದೋ ಮಣ್ಣಿಂದೋ? ಮೊದಮೊದಲು ಜನ ಬೈದು ಕಳಿಸಿದರು. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅಂದರು. ಆದರೆ ಅವಳು ಕೀಳಿ ಅಂದ ಗಿಡ ಕೀಳದವರ ಮನೆಯಲ್ಲಿ ಗೋಡೆ ಬಿರುಕು ಬಿಟ್ಟಿತು, ಬಚ್ಚಲು ಕಟ್ಟಿಕೊಂಡಿತು. ಕ್ರಮೇಣ ಜನ ತಾವಾಗಿಯೇ ಬಂದು ಕರೆಯತೊಡಗಿದರು. ಗಾಳೆಮ್ಮಾ, ಹೊಸ ಮನೆ ಕಟ್ಟಿದ್ದೀವಿ, ಏನು ನೆಡೋಣ ಬಂದು ಹೇಳು.

ಅವಳು ಬಂದರೆ ಮೊದಲು ಒಂದು ಚೊಂಬು ನೀರು ಕೇಳುತ್ತಿದ್ದಳಂತೆ. ಕುಡಿಯೋಕಲ್ಲ. ನೆಲಕ್ಕೆ ಸುರಿದು ಅದು ಎತ್ತ ಹರಿಯುತ್ತೆ, ಎಷ್ಟು ಹೊತ್ತಿಗೆ ಇಂಗುತ್ತೆ ಅಂತ ಕೂತು ನೋಡುತ್ತಿದ್ದಳು. ಆಮೇಲೆ ಮನೆಯ ಹೆಂಗಸರನ್ನು ಕೇಳುತ್ತಿದ್ದಳು: ಮಧ್ಯಾಹ್ನ ನೀವು ಎಲ್ಲಿ ಕೂರ್ತೀರಿ? ಮುದುಕರು ಎಲ್ಲಿ ಮಲಗ್ತಾರೆ? ಒಲೆ ಹೊಗೆ ಯಾವ ಕಡೆಯಿಂದ ಹೋಗುತ್ತೆ? ಎಲ್ಲ ಕೇಳಿಯಾದ ಮೇಲೆ ಹೇಳುತ್ತಿದ್ದಳು. ಪಡುವಣ ಬಿಸಿಲು ಬಡಿಯುವ ಮನೆಗೆ ಬೇವು, ಆದರೆ ಗೋಡೆಯಿಂದ ಐದು ಮೊಳ ದೂರ. ಬೀದಿ ಬದಿಗೆ ಹೊಂಗೆ. ಜಾಗ ಕಡಿಮೆ ಇದ್ದವರಿಗೆ ಪಾರಿಜಾತ, ಕರಿಬೇವು. ನುಗ್ಗೆ ಹಿತ್ತಲ ಮೂಲೆಯಲ್ಲಿರಲಿ, ಅದರ ಕೊಂಬೆ ನಂಬಿ ಮಕ್ಕಳು ಹತ್ತಿ ಬೀಳುತ್ತವೆ. ಆಲ, ಅರಳಿ, ಅತ್ತಿ ದೊಡ್ಡ ಮರಗಳು, ದೇವಸ್ಥಾನದಷ್ಟು ಜಾಗ ಕೇಳುತ್ತವೆ, ಮನೆಗೆ ತರಬೇಡಿ. ಕೆಲವರಿಗೆ ಮುಖದ ಮೇಲೇ ಹೇಳಿಬಿಡುತ್ತಿದ್ದಳಂತೆ: ನಿಮ್ಮ ಜಾಗದಲ್ಲಿ ಮರ ಬೇಡ, ಒಂದು ಮಲ್ಲಿಗೆ ಬಳ್ಳಿ ಹಬ್ಬಿಸಿ, ಸಾಕು.

ಹೀಗೆ ಅವಳಿಗೆ ಬೇರಿನ ಗಾಳೆಮ್ಮ ಅಂತ ಹೆಸರಾಯಿತು.

ಇನ್ನು ಹೊಸಗೇರಿಯ ಮಾತಿಗೆ ಬರುತ್ತೇನೆ. ಊರು ಬೆಳೆಯಿತು, ಜಾಗ ಸಾಲಲಿಲ್ಲ. ಕೋಟೆಯ ಹೊರಗೋಡೆ ಬುಡದಲ್ಲಿ ಒಂದು ಹಳೆಯ ಕಂದಕ ಇತ್ತು, ನೀರಿಲ್ಲದೆ ಪಾಳು ಬಿದ್ದಿತ್ತು. ಅದನ್ನು ಮುಚ್ಚಿಸಿ ಮೇಲೆ ಒಂದು ಕೇರಿ ಕಟ್ಟಿಸಿದ ಪಟ್ಟಣದ ಯಜಮಾನ. ಗುರುಸಿದ್ದಪ್ಪ ಅಂತ ಅವನ ಹೆಸರು, ಊರಿಗೆ ಒಳ್ಳೆಯದನ್ನೇ ಬಯಸುವ ಮನುಷ್ಯ. ಕಂದಕಕ್ಕೆ ಒಡೆದ ಕಲ್ಲು, ಬಿದ್ದ ಗೋಡೆಯ ಚೂರು, ಒಲೆಯ ಬೂದಿ, ಸಿಕ್ಕಿದ್ದೆಲ್ಲ ತುಂಬಿ, ಮೇಲೆ ಒಂದು ಗೇಣು ಕೆಂಪು ಮಣ್ಣು ಹಾಸಿದರು. ಹಾಗೆ ಮಣ್ಣು ಹೊತ್ತವರಲ್ಲಿ ಗಾಳೆಮ್ಮನೂ ಒಬ್ಬಳು. ನಲವತ್ತು ಮನೆ ಎದ್ದವು. ಮನೆಗಳಿಗೆ ಗಟ್ಟಿ ನೆಲ ಸಿಗುವವರೆಗೂ ಪಾಯ ತೆಗೆದರು, ಅದಕ್ಕೇನೂ ಭಯವಿರಲಿಲ್ಲ. ಆದರೆ ಕೇರಿಯಲ್ಲಿ ಒಂದು ಹುಲ್ಲುಕಡ್ಡಿ ನೆರಳೂ ಇರಲಿಲ್ಲ. ಮೊದಲ ಬೇಸಗೆಯಲ್ಲೇ ಇಬ್ಬರು ಮುದುಕರು ಬಿಸಿಲಿಗೆ ತಲೆಸುತ್ತಿ ಬಿದ್ದು ತೀರಿಕೊಂಡರಂತೆ.

ಯಜಮಾನನಿಗೆ ಸಂಕಟವಾಯಿತು. ಅವನು ದೂರದ ಸೀಮೆಯಿಂದ ನಲವತ್ತು ಸಸಿ ತರಿಸಿದ. ಆ ಮರದ ನಿಜವಾದ ಹೆಸರು ಏನೋ, ನಮ್ಮ ಜನ ಓಡುಮರ ಅಂತ ಕರೆದರು, ಓಡಿದ ಹಾಗೆ ಬೆಳೆಯುತ್ತಿತ್ತು ಅದು. ವರ್ಷಕ್ಕೆ ಒಂದಾಳು ಎತ್ತರ. ಅಗಲ ಎಲೆ, ಹಳದಿ ಹೂವಿನ ಗೊಂಚಲು. ಸಸಿ ಹಂಚುವ ದಿನ ಗಾಳೆಮ್ಮ ಯಜಮಾನನ ಮುಂದೆ ಹೋಗಿ ನಿಂತಳಂತೆ.

"ಯಜಮಾನ್ರೇ, ಈ ಕೇರಿ ಕೆಳಗೆ ಏನೈತೆ ಅಂತ ನಂಗೊತ್ತು. ನಾನೇ ಹೊತ್ತು ಹಾಕೀನಿ. ಇಷ್ಟು ಜೋರಾಗಿ ಬೆಳೆಯೋ ಮರಕ್ಕೆ ಕೆಳಗೆ ಹಿಡಿಯಾಕೆ ಏನೂ ಇಲ್ಲ. ಮ್ಯಾಲೆ ಮ್ಯಾಲೆ ಬೇರು ಹಬ್ಬುತ್ತೆ, ಗಾಳಿಗೆ ಬುಡಮೇಲಾಗುತ್ತೆ."

"ಹಂಗಾರೆ ಏನು ನೆಡ್ಬೇಕು, ನೀನೇ ಹೇಳು."

"ಕಲ್ಲು ತೆಗೆದು ಗುಂಡಿಗೆ ಒಳ್ಳೆ ಮಣ್ಣು ತುಂಬಿ ಹೊಂಗೆ ಇಡ್ರಿ."

"ಎಷ್ಟು ವರ್ಷಕ್ಕೆ ನೆರಳು?"

"ಎಂಟು. ಇಲ್ಲಾಂದ್ರೆ ಹತ್ತು."

ಯಜಮಾನ ನಗಲಿಲ್ಲವಂತೆ. ಕೇರಿಯವರ ಕಡೆ ತಿರುಗಿ, "ಹತ್ತು ಬೇಸಗೆ ಕಾಯ್ತೀರಾ?" ಅಂತ ಕೇಳಿದನಂತೆ. ತಂದೆ ಕಳೆದುಕೊಂಡವರು ಅಲ್ಲೇ ನಿಂತಿದ್ದರು. ಯಾರೂ ಕಾಯುತ್ತೀವಿ ಅನ್ನಲಿಲ್ಲ. ಅವರದ್ದು ತಪ್ಪು ಅಂತ ನಾನು ಹೇಳಲಾರೆ.

ಆ ನಲವತ್ತು ಮನೆಗಳಲ್ಲಿ ಒಂದು, ಗಾಳೆಮ್ಮನ ಮಗಳು ದುರುಗಿಯ ಗಂಡನ ಮನೆ. ಅಳಿಯ ಕಲ್ಲು ಕೆಲಸದವನು, ತಿಂಗಳುಗಟ್ಟಲೆ ದೂರದ ಕಲ್ಲುಗಣಿಯಲ್ಲಿ ಇರುತ್ತಿದ್ದ. ಮನೆಯಲ್ಲಿ ದುರುಗಿ ಮತ್ತು ಅವಳ ಅತ್ತೆ ಹಾಲಮ್ಮ. ಹಾಲಮ್ಮ ಕೇರಿಗೇ ದೊಡ್ಡವಳು, ಅವಳ ಮಾತೆಂದರೆ ಮಾತು. ಬಿಸಿಲಿಗೆ ಬಿದ್ದು ಸತ್ತ ಇಬ್ಬರಲ್ಲಿ ಒಬ್ಬ ಅವಳ ಅಣ್ಣ. ಓಡುಮರದ ಸಸಿಯನ್ನು ಅವಳೇ ಕೈಯಾರೆ ಮನೆ ಮುಂದೆ ನೆಟ್ಟಳು, ದಿನಾ ಎರಡು ಕೊಡ ನೀರು ಹಾಕಿದಳು, ಮಗುವಿನ ಹಾಗೆ ಸಾಕಿದಳು. ನಾಲ್ಕೇ ವರ್ಷಕ್ಕೆ ಅದು ಮಾಳಿಗೆ ದಾಟಿತು. ಇಡೀ ಹೊಸಗೇರಿ ತಂಪಾಯಿತು. ಮಧ್ಯಾಹ್ನದ ಹೊತ್ತು ಬೇರೆ ಕೇರಿಯವರೂ ಬಂದು ಅಲ್ಲಿ ಕೂರತೊಡಗಿದರು. ಎಲ್ಲರೂ ಯಜಮಾನನನ್ನು ಹೊಗಳಿದರು.

ಗಾಳೆಮ್ಮ ಮಾತ್ರ ದಿನಾ ಬೆಳಿಗ್ಗೆ ಬರುತ್ತಿದ್ದಳು. ಮಗಳನ್ನು ನೋಡುವ ನೆಪ. ಬಂದವಳು ಮೊದಲು ಮರದ ಬುಡಕ್ಕೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಏನು ನೋಡ್ತಿದ್ದೀಯವ್ವಾ ಅಂತ ಮಗಳು ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ಮರ ಎತ್ತರವಾದಷ್ಟೂ ಅವಳ ಊಟ ಕಡಿಮೆಯಾಯಿತಂತೆ. ಅಷ್ಟರಲ್ಲಿ ದುರುಗಿಗೆ ಹೆಣ್ಣು ಮಗು ಹುಟ್ಟಿತು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಗಾಳೆಮ್ಮ ತೊಟ್ಟಿಲು ನೋಡುತ್ತಿದ್ದಳು, ಬಾಗಿಲಾಚೆ ಮರ ನೋಡುತ್ತಿದ್ದಳು, ಮತ್ತೆ ತೊಟ್ಟಿಲು ನೋಡುತ್ತಿದ್ದಳು.

ಆ ವರ್ಷದ ಆಷಾಢ. ಒಂದು ದಿನ ಬೆಳಗಿನಿಂದ ಗಾಳಿ ಹುಚ್ಚೆದ್ದಿತ್ತು. ಬುಡಕ್ಕೆ ಕೈಯಿಟ್ಟ ಗಾಳೆಮ್ಮನಿಗೆ ಒಳಗೆ ಏನೋ ಪಟ್ ಅಂದ ಹಾಗಾಯಿತಂತೆ. ಈ ಸಲ ಅವಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಬೀದಿ ತುಂಬಾ ಓಡಿ ಕೂಗಿದಳು: ಮರ ಬೀಳುತ್ತೆ, ಎಲ್ಲಾ ಹೊರಗೆ ಬರ್ರಿ! ಜನ ಗಾಬರಿಯಾಗಿ ಮಕ್ಕಳು ಮುದುಕರನ್ನು ಎತ್ತಿಕೊಂಡು ಓಡಿದರು. ಕೇರಿಯ ಕೊನೆಯ ಹಾಳು ಮಂಟಪದಲ್ಲಿ ಇಡೀ ದಿನ ಕೂತರು. ಮಂಟಪಕ್ಕೆ ಗೋಡೆಯಿಲ್ಲ. ಮಳೆಯ ಎರಚಲು, ಚಳಿಗಾಳಿ. ಸಂಜೆಗೆ ಗಾಳಿ ನಿಂತಿತು.

ಒಂದು ಕೊಂಬೆಯೂ ಮುರಿದಿರಲಿಲ್ಲ.

ಜನ ಬೈದುಕೊಂಡು ಮನೆಗೆ ಹೋದರು. ಅದು ಅಲ್ಲಿಗೇ ಮುಗಿದಿದ್ದರೆ ಆಗಿತ್ತು. ಎರಚಲಲ್ಲಿ ನೆನೆದ ಎಂಟು ತಿಂಗಳ ಕೂಸಿಗೆ, ಗಾಳೆಮ್ಮನ ಸ್ವಂತ ಮೊಮ್ಮಗಳಿಗೆ, ಜ್ವರ ಬಂತು. ಹನ್ನೊಂದು ದಿನ ಕೂಸು ಕಣ್ಣು ಬಿಡಲಿಲ್ಲವಂತೆ. ಹನ್ನೆರಡನೆಯ ದಿನ ಬಿಟ್ಟಿತು, ಬದುಕಿತು. ಆದರೆ ಆಮೇಲೆ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಎರಡೂ ಕಿವಿ ಹೋಗಿದ್ದವು.

ಹಾಲಮ್ಮ ಗಾಳೆಮ್ಮನನ್ನು ಹೊಸ್ತಿಲಲ್ಲೇ ತಡೆದಳು. ಅವಳು ಕೂಗಾಡಲಿಲ್ಲ ಅಂತಾರೆ, ತಣ್ಣಗೆ ಹೇಳಿದಳಂತೆ. "ಬೀಗ್ತೀ, ಕೂಸು ನೋಡಾಕೆ ಬಾ, ಬ್ಯಾಡ ಅನ್ನಲ್ಲ. ಆದ್ರೆ ಇನ್ನು ಮ್ಯಾಲೆ ಆ ಮರದ ಮಾತು ನಿನ್ನ ಬಾಯಾಗೆ ಬರಬಾರದು."

ಗಾಳೆಮ್ಮ ತಲೆಯಾಡಿಸಿದಳು. ಆಮೇಲೆ ಒಂದು ವರ್ಷ ಅವಳು ಯಾರ ಮನೆಗೂ ಗಿಡ ಹೇಳಲಿಲ್ಲವಂತೆ. ಕರೆಯಲು ಬಂದವರಿಗೆ, ನನಗೆ ಗೊತ್ತಾಗಲ್ಲ, ಬೇರೆಯವರನ್ನ ಕೇಳಿ ಅಂದಳಂತೆ. ನಿಜವಾಗಿಯೂ ತನಗೆ ಗೊತ್ತಾಗೋದಿಲ್ಲ ಅಂತಲೇ ಅವಳು ನಂಬಿಬಿಟ್ಟಿದ್ದಳು. ಆ ದಿನ ಒಳಗೆ ಪಟ್ ಅಂದಿದ್ದು ಬೇರೋ, ತನ್ನ ಎದೆಯೋ?

ಮತ್ತೆ ಆಷಾಢ ಬಂತು. ಮೂರು ದಿನ ಮಳೆ ಹೊಡೆದು ಬಿಟ್ಟಿತು. ನೆಲ ನೆನೆದು ಮೆತ್ತಗಾಗಿತ್ತು. ಗಾಳೆಮ್ಮ ಕೂಸನ್ನು ನೋಡಲು ಬಂದಳು. ಮರದ ಕಡೆ ನೋಡಬಾರದು ಅಂತ ತಲೆ ತಗ್ಗಿಸಿ ಬಂದಳು. ತಲೆ ತಗ್ಗಿಸಿದ್ದರಿಂದಲೇ ಅವಳಿಗೆ ಅದು ಕಂಡಿತು. ಬುಡದ ಸುತ್ತ ಮಣ್ಣಿನಲ್ಲಿ ಒಂದು ಬಿರುಕು. ಗಾಳಿ ಬೀಸಿದಾಗ ಬಿರುಕು ತೆರೆಯುತ್ತಿತ್ತು, ಗಾಳಿ ನಿಂತಾಗ ಮುಚ್ಚುತ್ತಿತ್ತು. ನೆಲ ಉಸಿರಾಡುತ್ತಿದ್ದ ಹಾಗೆ. ಅವಳು ಬಗ್ಗಿ ಬೆರಳಿಟ್ಟಳು. ಮಣ್ಣು ಬೆರಳನ್ನು ಮೆಲ್ಲಗೆ ಕಚ್ಚಿ ಬಿಟ್ಟಿತು.

ಅವಳು ಒಳಗೆ ಹೋದಳು. ಕೂಸನ್ನು ಎತ್ತಿಕೊಂಡಳು. ಹಾಲಮ್ಮ ಮಜ್ಜಿಗೆ ಕೊಟ್ಟಳು, ಕುಡಿದಳು. ಏನೂ ಹೇಳದೆ ಮನೆಗೆ ಹೋದಳು.

ಆ ದಿನ ಅವಳು ಹೇಗೆ ಕಳೆದಳು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಸೋದರತ್ತೆ ಇಲ್ಲಿಗೆ ಬಂದಾಗ ಅನ್ನುತ್ತಿದ್ದಳು: ಕೂಗಿದರೆ ಯಾರೂ ಬರೋದಿಲ್ಲ, ಬಂದು ಮರ ಬೀಳದೇ ಹೋದರೆ ಮಗಳ ಮನೆ ಬಾಗಿಲು ಮುಚ್ಚುತ್ತೆ, ಕೂಗದೇ ಹೋದರೆ ಏನಾಗುತ್ತೋ. ಇಷ್ಟನ್ನೂ ಒಂದು ತಲೆಯಲ್ಲಿ ಇಟ್ಟುಕೊಂಡು ಕೂತಿದ್ದಳು ಕಣ್ರೇ ಆ ಹೆಂಗಸು.

ಮರುದಿನ ಹೊತ್ತು ನೆತ್ತಿಗೇರುವಾಗ ಅವಳು ಬಂದಳು. ಹೆಗಲ ಮೇಲೆ ಗುದ್ದಲಿ ಇತ್ತು. ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಹಾಲಮ್ಮನ ಮನೆ ಮುಂದಿನ ಮರದ ಬುಡದಲ್ಲಿ ಕೂತು, ಬೀದಿಯ ಕಡೆಯಿಂದ, ಪುಟ್ಟಿಯಷ್ಟಗಲ ಮಣ್ಣು ಬಿಡಿಸತೊಡಗಿದಳು. ಬೇರಿಗೆ ಗುದ್ದಲಿ ತಾಗದ ಹಾಗೆ ಕೈಯಿಂದಲೇ ಕೆರೆದಳು ಅಂತಾರೆ.

ಸದ್ದಿಗೆ ಹಾಲಮ್ಮ ಹೊರಗೆ ಬಂದಳು.

"ಏಯ್! ಏನ್ ಮಾಡ್ತಿದ್ದೀ? ನಿನ್ನ ಬಾಯಿ ಮುಚ್ಚಿಸಿದ್ರೆ ಕೈ ಹಚ್ಚಿದ್ಯಾ?"

ಗಾಳೆಮ್ಮ ತಲೆ ಎತ್ತಲಿಲ್ಲ. "ಬೀಗ್ತೀ, ನಾನು ಏನೂ ಹೇಳಲ್ಲ. ಹೇಳಲ್ಲ ಅಂತ ಒಪ್ಕಂಡೀನಿ. ನೀನೇ ನೋಡು. ಕೈ ಹಾಕಿ ನೋಡು. ನೋಡಿ ಆದ ಮ್ಯಾಲೆ ಮಣ್ಣು ಮುಚ್ಚು ಅಂದ್ರೆ ಮುಚ್ತೀನಿ, ಹೋಗು ಅಂದ್ರೆ ಹೋಗ್ತೀನಿ."

ಹಾಲಮ್ಮ ಗುದ್ದಲಿ ಕಸಿದುಕೊಂಡಳು. ಅಕ್ಕಪಕ್ಕದವರು ಸೇರಿದರು. ಯಜಮಾನರು ನೆಡಿಸಿದ ಮರಕ್ಕೆ ಗುದ್ದಲಿ ಹಾಕಿದ್ದಾಳೆ, ಹಿಡಿದು ಚಾವಡಿಗೆ ಕರಕೊಂಡು ಹೋಗಿ ಅಂತ ಯಾರೋ ಅಂದರು. ದುರುಗಿ ಬಾಗಿಲಲ್ಲಿ ಕೂಸನ್ನು ಅವಚಿಕೊಂಡು ನಿಂತಿದ್ದಳು. ಅವಳಿಗೆ ಅವ್ವನ ಕಡೆ ನೋಡಬೇಕೋ ಅತ್ತೆಯ ಕಡೆ ನೋಡಬೇಕೋ ಗೊತ್ತಾಗಲಿಲ್ಲ. ಕೊನೆಗೆ ಅವಳು ಮೆಲ್ಲಗೆ, "ಅತ್ತೇ, ಒಂದ್ಸಲ ಕೈ ಹಾಕಿ ನೋಡ್ರಿ" ಅಂದಳಂತೆ. ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಗೆ ಎದುರಾಗಿ ಆಡಿದ ಮೊದಲ ಮಾತು ಅದೇ.

ಹಾಲಮ್ಮ ಸಿಟ್ಟಿನಲ್ಲೇ ಮಂಡಿಯೂರಿದಳು. ಸೆರಗು ಸಿಕ್ಕಿಸಿ ಗುಂಡಿಯೊಳಗೆ ಕೈ ಬಿಟ್ಟಳು. ಬೇರು ಸಿಕ್ಕಿತು, ಚಾಪೆಯ ಹಾಗೆ ಹೆಣೆದುಕೊಂಡಿತ್ತು. ಒಂದು ಗೇಣು ದಪ್ಪ ಇರಬಹುದು. ಅದರ ಕೆಳಗೆ ಕೈ ತೂರಿಸಿದಳು. ಮೊಣಕೈವರೆಗೆ ಹೋಯಿತು. ಅಲ್ಲಿ ಬೇರೂ ಇಲ್ಲ, ಮಣ್ಣೂ ಇಲ್ಲ. ಒಡೆದ ಕಲ್ಲು, ನಡುವೆ ಕರೀ ಕೆಸರು, ಕೆಸರಿನ ಮೇಲೆ ಬರೀ ಟೊಳ್ಳು. ತೋಳಿನವರೆಗೆ ಹೋಯಿತು. ಆ ಹೊತ್ತಿಗೆ ಒಂದು ಗಾಳಿ ಬೀಸಿತು. ಬೇರಿನ ಚಾಪೆ ಅವಳ ತೋಳಿನ ಮೇಲೆ ಎದ್ದು ಮತ್ತೆ ಕೂತಿತು.

ಹಾಲಮ್ಮ ಕೈ ಹೊರಗೆ ತೆಗೆದಳು. ಎದ್ದು ಒಳಗೆ ಹೋಗಿ ತೊಟ್ಟಿಲು ಬಿಚ್ಚಿದಳು, ಮೂರು ಕಂಬಳಿ ತೆಗೆದುಕೊಂಡಳು, ಒಂದನ್ನು ಕೂಸಿಗೆ ತಾನೇ ಸುತ್ತಿದಳು. "ನಡೀ" ಅಂದಳು ಸೊಸೆಗೆ. ಆಮೇಲೆ ಮನೆಮನೆಯ ಬಾಗಿಲು ಬಡಿದಳು. "ನಾನು ಹೇಳ್ತಿದೀನಿ, ಅವಳಲ್ಲ. ನಾನು ಕೈ ಹಾಕಿ ನೋಡೀನಿ. ಬೆಚ್ಚಗೆ ಹೊದ್ದುಕೊಂಡು ಹೊರಗೆ ಬರ್ರಿ."

ಈ ಸಲ ಮಂಟಪಕ್ಕೆ ಹೋಗಲಿಲ್ಲ, ಮೇಲಿನ ಕೇರಿಯ ಮನೆಗಳಿಗೆ ಹೋದರು. ಕೆಲವರು ನಂಬಿ ಬಂದರು, ಕೆಲವರು ಹಾಲಮ್ಮನಿಗೆ ಅಂಜಿ ಬಂದರು. ಮಧ್ಯಾಹ್ನ ತಿರುಗುವ ಹೊತ್ತಿಗೆ ಹೊಸಗೇರಿ ಖಾಲಿ. ಗಾಳೆಮ್ಮ ಒಬ್ಬಳೇ ಬೀದಿಯ ಕೊನೆಯಲ್ಲಿ ನಿಂತಿದ್ದಳಂತೆ. ಮರ ಬೀಳಲಿ ಅಂತ ಬೇಡಿಕೊಳ್ಳಬೇಕೋ, ಬೀಳದಿರಲಿ ಅಂತ ಬೇಡಿಕೊಳ್ಳಬೇಕೋ ಅವಳಿಗೇ ತಿಳಿಯಲಿಲ್ಲ. ಬಿದ್ದರೆ ಮಗಳ ಮನೆ ಹೋಗುತ್ತೆ. ಬೀಳದಿದ್ದರೆ ಮಗಳೇ ಕೈತಪ್ಪಿ ಹೋಗುತ್ತಾಳೆ.

ಹೊತ್ತು ಇಳಿಯುವಾಗ ಪಡುವಣದಿಂದ ಒಂದು ಗಾಳಿ ಬಂತು. ಅಂಥ ದೊಡ್ಡದೂ ಅಲ್ಲವಂತೆ. ಹಾಲಮ್ಮನ ಮರ ಒಮ್ಮೆ ಬೀದಿಯ ಕಡೆ ವಾಲಿತು, ನಿಂತಿತು. ಆಮೇಲೆ ಮನೆಯ ಕಡೆ ವಾಲಿತು, ನಿಲ್ಲಲಿಲ್ಲ. ಬೇರಿನ ಚಾಪೆ ಬಾಗಿಲ ಹಾಗೆ ಎದ್ದು ನಿಂತಿತು, ಮರ ಮಾಳಿಗೆಯ ಮೇಲೆ ಬಿತ್ತು. ತೊಲೆ ಮುರಿದು ನಡುಮನೆಗೆ ಇಳಿಯಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ನಲವತ್ತರಲ್ಲಿ ಬಿದ್ದದ್ದು ಅದೊಂದೇ ಮರ. ಉಳಿದ ಮೂವತ್ತೊಂಬತ್ತು ನೆಟ್ಟಗೆ ನಿಂತಿದ್ದವು. ಬಿದ್ದದ್ದು ಅವಳು ಬುಡ ಅಗೆದ ಮರ. ಜನ ಮಾತಾಡದೇ ಇರುತ್ತಾರೆಯೇ? ಅವಳೇ ಬೇರು ಸಡಿಲ ಮಾಡಿದಳು, ಅವಳೇ ಬೀಳಿಸಿದಳು ಅಂದರು. ಮಾರನೆಯ ಬೆಳಿಗ್ಗೆ ಯಜಮಾನ ಗುರುಸಿದ್ದಪ್ಪ ಚಾವಡಿಗೆ ಎಲ್ಲರನ್ನೂ ಕರೆಸಿದ.

"ಗಾಳೆಮ್ಮಾ, ದೇವರ ಮೇಲೆ ಪ್ರಮಾಣ ಮಾಡಿ ಹೇಳು. ನೀನು ಅಗೆಯದೇ ಇದ್ದಿದ್ರೆ ಮರ ಬೀಳ್ತಿತ್ತಾ?"

ಬೀಳುತ್ತಿತ್ತು ಅಂದಿದ್ದರೆ ಅವಳು ಪಾರಾಗುತ್ತಿದ್ದಳು. ಹಾಗೆಯೇ ಹೇಳು ಅಂತ ದುರುಗಿ ಕಣ್ಣಲ್ಲೇ ಬೇಡುತ್ತಿದ್ದಳಂತೆ.

"ನಂಗೊತ್ತಿಲ್ಲ ಯಜಮಾನ್ರೇ" ಅಂದಳು ಗಾಳೆಮ್ಮ. "ಬೇರು ಕಡಿದಿಲ್ಲ, ಅದು ಗೊತ್ತು. ಆದ್ರೆ ಮಣ್ಣು ತೆಗೆದೀನಿ. ಅಗೆಯದಿದ್ರೆ ನಿನ್ನೆ ಬೀಳದೆ ನಾಳೆ ಬೀಳ್ತಿತ್ತೇನೋ. ಇನ್ನೊಂದು ವರ್ಷ ನಿಲ್ತಿತ್ತೇನೋ. ಸುಳ್ಳು ಹೇಳಲ್ಲ."

ಚಾವಡಿಯಲ್ಲಿ ಗದ್ದಲ ಎದ್ದಿತು. ಶಿಕ್ಷೆ ಆಗಲಿ ಅಂದವರೂ ಇದ್ದರು. ಆಗ ಹಾಲಮ್ಮ ಎದ್ದು ನಿಂತಳು. ಮನೆ ಕಳೆದುಕೊಂಡವಳು ಅವಳೇ, ಅದಕ್ಕೆ ಎಲ್ಲರೂ ಸುಮ್ಮನಾದರು. ಅವಳು ಕೆಸರು ಮೆತ್ತಿದ ಬಲತೋಳನ್ನು ಇನ್ನೂ ತೊಳೆದಿರಲಿಲ್ಲವಂತೆ. ಅದನ್ನು ಎತ್ತಿ ತೋರಿಸಿದಳು.

"ನನ್ನ ಮನೆ ಹೋತು. ಹೋಗ್ಲಿ. ನಿಮ್ಮ ಮನೆ ಮುಂದೆ ನೀವೂ ಕೈ ಹಾಕಿ ನೋಡ್ರಿ. ನೋಡಿದ ಮ್ಯಾಲೂ ಅದರ ಕೆಳಗೆ ಕೂಸು ಮಲಗಿಸ್ತೀರಾದ್ರೆ, ಆಮ್ಯಾಲೆ ನಮ್ಮ ಬೀಗ್ತಿಗೆ ಶಿಕ್ಷೆ ಕೊಡ್ರಿ."

ಯಜಮಾನ ತಾನೇ ಮೊದಲು ಇಳಿದು ಬಂದ ಅಂತಾರೆ. ರುಮಾಲು ತೆಗೆದಿಟ್ಟು ಹೊಸಗೇರಿಯ ಮೊದಲ ಮರದ ಬುಡದಲ್ಲಿ ಮಂಡಿಯೂರಿ, ಮಣ್ಣು ಕೆರೆದು ಕೈ ಹಾಕಿದ. ಕೈ ತೋಳಿನವರೆಗೆ ಹೋಯಿತು. ತಾನು ನೆರಳು ಅಂತ ಕೊಟ್ಟದ್ದು ಏನು ಅಂತ ಅವನಿಗೆ ಆಗ ತಿಳಿಯಿತು.

ಉಳಿದ ಮರಗಳನ್ನೆಲ್ಲ ಇಳಿಸಿಬಿಡಿ ಅಂದ. ಅದಕ್ಕೆ ಎಂಟು ದಿನ ಹಿಡಿಯಿತು. ಗಾಳಿ ಬೀಸುತ್ತಲೇ ಇತ್ತು, ಜನ ಆ ಗಾಳಿಯಲ್ಲೇ ಕೊಂಬೆ ಇಳಿಸಿದರು, ಹಗ್ಗ ಬಿಗಿದು ಒಂದೊಂದೇ ಮರವನ್ನು ಬೀದಿಗೆ ಉರುಳಿಸಿದರು. ಪ್ರತಿ ಸಲ ಗಾಳಿ ಎದ್ದಾಗ ಎಲ್ಲರ ಕೈಯೂ ಹಗ್ಗದ ಮೇಲೆ ನಿಂತುಬಿಡುತ್ತಿತ್ತು. ಮೂವತ್ತೊಂಬತ್ತರಲ್ಲಿ ಮೂವತ್ತೆಂಟು ಮರ ಹಾಲಮ್ಮನ ಮರದ ಹಾಗೆಯೇ ಇದ್ದವು, ಗೇಣು ದಪ್ಪ ಬೇರು, ಕೆಳಗೆ ಟೊಳ್ಳು. ಕೊನೆಯದು ಒಬ್ಬ ನೇಕಾರನ ಮನೆ ಮುಂದಿನದು. ಕೈ ಹಾಕಿದರೆ ಬೇರು ಕೆಳಗೆ ಇಳಿದಿತ್ತು, ತೊಡೆ ಗಾತ್ರದ ಬೇರು, ಕಂದಕದ ಹಳೆಯ ದಡವನ್ನೇ ಹಿಡಿದಿತ್ತು. ಕಡಿಯೋಕೆ ಕೊಡಲಿ ಎತ್ತಿದವನನ್ನು ಗಾಳೆಮ್ಮ ತಡೆದಳು.

"ಇದು ಇರ್ಲಿ. ನಾನು ಎಲ್ಲಾ ಮರಕ್ಕೂ ಒಂದೇ ಮಾತು ಹೇಳಿದ್ದೆ. ಇದರ ವಿಷಯದಾಗೆ ನಂದು ತಪ್ಪು."

ಹೊಸಗೇರಿ ಮತ್ತೆ ಬೋಳಾಯಿತು. ಮುಂದಿನ ಬೇಸಗೆ ಕಷ್ಟದ್ದೇ. ಜನ ಚಪ್ಪರ ಹಾಕಿಕೊಂಡು, ಗೋಣಿತಟ್ಟು ನೆನೆಸಿ ಕಟ್ಟಿಕೊಂಡು ಕಳೆದರು. ಹಾಲಮ್ಮನ ಮನೆ ತೊಲೆಯನ್ನು ಯಜಮಾನನೇ ಹಾಕಿಸಿದ. ಗಾಳೆಮ್ಮ ಮನೆಯಿಂದ ಮನೆಗೆ ಹೋದಳು. ಆಳುದ್ದ ಗುಂಡಿ ತೆಗೆಸಿ, ಕಲ್ಲು ಎತ್ತಿಸಿ, ಕೆರೆ ಮಣ್ಣು ತುಂಬಿಸಿ, ಒಬ್ಬರಿಗೆ ಹೊಂಗೆ, ಒಬ್ಬರಿಗೆ ಬೇವು, ಒಬ್ಬರಿಗೆ ಪಾರಿಜಾತ ಹೇಳಿದಳು. ಒಂದು ಮಾತು ಹೊಸದಾಗಿ ಸೇರಿಸಿದ್ದಳಂತೆ: ನನ್ನ ಮಾತು ನಂಬಬೇಡಿ, ಕೈ ಹಾಕಿ ನೋಡಿ. ಕಿವಿ ಕೇಳದ ಮೊಮ್ಮಗಳು ಅಜ್ಜಿಯ ಜೊತೆಯಲ್ಲೇ ಓಡಾಡಿ ಬೆಳೆದಳು. ಗಾಳೆಮ್ಮ ಅವಳನ್ನು ನೋಡಿದಾಗಲೆಲ್ಲ ಒಂದು ಗಳಿಗೆ ನಿಂತುಬಿಡುತ್ತಿದ್ದಳಂತೆ. ಆ ನೋವು ಅವಳಿಗೆ ಹೋಗಲೇ ಇಲ್ಲ. ಭಯವೂ ಹೋಗಲಿಲ್ಲ. ಸಾಯುವ ವರ್ಷದ ಆಷಾಢದಲ್ಲೂ, ಇಬ್ಬರ ಹೆಗಲು ಹಿಡಿದುಕೊಂಡು ಬಂದು ಒಂದೊಂದು ಹೊಂಗೆಯ ಬುಡವನ್ನೂ ಮುಟ್ಟಿ ನೋಡಿ ಹೋದಳಂತೆ.

ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಸಿಂಗನಕೋಟೆಯಲ್ಲಿ ಇವತ್ತಿಗೂ ಹೊಸ ಮನೆಯವರು ಗಿಡ ನೆಡುವಾಗ ಅಕ್ಕಪಕ್ಕದ ಮನೆಯ ಹಿರಿಯ ಹೆಂಗಸನ್ನು ಕರೆಯುತ್ತಾರೆ. ಅವಳು ಗುಂಡಿಗೆ ತೋಳು ಇಳಿಸಿ ನೋಡಿ, ಬೇರು ಇಳಿಯುತ್ತೆ ಅಂದರೆ ಮಾತ್ರ ನೆಡುತ್ತಾರೆ. ಎಷ್ಟು ಓದಿದವರಾದರೂ, ಎಂಥ ಬಂಗಲೆ ಕಟ್ಟಿಸಿದವರಾದರೂ ಅಷ್ಟೇ. ಇನ್ನೊಂದು ಪದ್ಧತಿ ಹೊಸಗೇರಿಯಲ್ಲಿ ಮಾತ್ರ ಇದೆ. ಗಾಳಿ ಮಳೆಯ ದಿನ ಯಾರಾದರೂ, ದೊಡ್ಡವರಾಗಲಿ ಮಕ್ಕಳಾಗಲಿ, ಹೆದರಿ ಬೀದಿಗೆ ಬಂದು "ಗಾಳೆಮ್ಮಾ" ಅಂತ ಕೂಗಿದರೆ ಸಾಕು, ಯಾಕೆ ಏನು ಅಂತ ಯಾರೂ ಕೇಳೋದಿಲ್ಲ. ಕೂಸುಗಳಿಗೆ ಕಂಬಳಿ ಸುತ್ತಿ ಎಲ್ಲರೂ ಹೊರಗೆ ಬಂದುಬಿಡುತ್ತಾರೆ. ಹೆಚ್ಚಿನ ಸಲ ಏನೂ ಬೀಳೋದಿಲ್ಲ. ಬೀಳದ ದಿನ, ಗಾಳಿ ನಿಂತ ಮೇಲೆ, ಕೇರಿಯವರು ಒಬ್ಬೊಬ್ಬರಾಗಿ ಕೂಗಿದವರ ಮನೆಗೆ ಹೋಗಿ ಅವರ ಕೈಗೆ ಒಂದು ಚೂರು ಬೆಲ್ಲ ಇಟ್ಟು ಬರುತ್ತಾರೆ.